ಕಾರಿನ ಹಿಂಭಾಗಕ್ಕೆ ಊರೆಲ್ಲ ಪಂಡಿತರು

ಮಂಡಿ ನೋವು ಎಂದರೆ ಹತ್ತಿರದವರಷ್ಟೇ ಮದ್ದು ಹೇಳುತ್ತಾರೆ. ಹಳೆಯ ಕಾರು ಸದ್ದು ಮಾಡುತ್ತಿದೆ ಎಂದು ಬಾಯಿ ಬಿಟ್ಟರೆ ಸಾಕು, ಸೈಕಲ್ಲಿಗೆ ಗಾಳಿ ಹೊಡೆಯಲು ಬಾರದವನೂ ಪಂಡಿತನಾಗುತ್ತಾನೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹದಿನೆಂಟು ವರ್ಷದಿಂದ ನಮ್ಮ ಮನೆಯವರನ್ನೂ ಕಾಫಿ ಮೂಟೆಗಳನ್ನೂ ಭೇದವಿಲ್ಲದೆ ಹೊತ್ತ ನನ್ನ ಕಾರು ಈಚೆಗೆ ಹೊಂಡ ಸಿಕ್ಕಿದಾಗಲೆಲ್ಲ ಹಿಂದಿನ ಎಡಚಕ್ರದ ಬಳಿ ‘ಟಣ್’ ಎನ್ನತೊಡಗಿತು. ಮಲಯಾಳ ಸೀಮೆಯ ಪನಮರಂ ಪೇಟೆಯಿಂದ ನಮ್ಮ ತೋಟಕ್ಕೆ ಬರುವ ದಾರಿಯಲ್ಲಿ ಹೊಂಡಗಳಿಗೇನೂ ಬಡತನವಿಲ್ಲ.

ಸದ್ದು ನನಗೆ ಸಂಗೀತದಂತೆ ಒಗ್ಗಿಹೋಗಿತ್ತು. ಕೆಟ್ಟದ್ದು ಅತ್ತೆ ಬಂದ ದಿನ. ನಾವು ಜೈನರು, ಅತ್ತೆಯಂತೂ ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ. ಮಾನಂದವಾಡಿಯಿಂದ ಅವರನ್ನು ಕರೆತರುವಾಗ ‘ಟಣ್’ಗೆ ಹೆದರಿ ಎತ್ತಿನಗಾಡಿಯ ವೇಗದಲ್ಲಿ ಬಂದೆ. ಅಂಗಳ ತಲುಪುವಾಗ ಸೂರ್ಯ ಹೋಗಿಯಾಗಿತ್ತು. ಅತ್ತೆ ಖಾಲಿ ಹೊಟ್ಟೆಯಲ್ಲೇ ಮಲಗಿದರು. ಹೆಂಡತಿ ಪದ್ಮಾವತಿ ಅಂದಳು: “ಭಾನುವಾರದೊಳಗೆ ಇದರ ಸದ್ದು ನಿಲ್ಲಬೇಕು. ಇಲ್ಲಾಂದ್ರೆ ಗುಜರಿಗೆ ಕೊಟ್ಟುಬಿಡಿ.” ಆ ಕಾರು ಹೋದರೆ ನನ್ನ ಮಾತು ಕೇಳುವುದು ಮನೆಯಲ್ಲಿ ಮತ್ತೊಂದಿಲ್ಲ.

ಮೊದಲು ಬಂದವರು ಷಡ್ಡಕ ಧರಣೇಂದ್ರ ಭಾವ, ನಿವೃತ್ತ ಗಣಿತ ಮೇಷ್ಟ್ರು. ಕಾರಿನ ಹಿಂಭಾಗವನ್ನು ಎರಡು ಕೈಯಲ್ಲಿ ಒತ್ತಿ ಬಿಟ್ಟು, ಅದು ಎಷ್ಟು ಸಲ ಕುಣಿಯುತ್ತದೆಂದು ಎಣಿಸಿ, “ಶಾಕ್ ಅಬ್ಸಾರ್ಬರ್ ಹೋಗಿದೆ” ಎಂದರು. ಮತ್ತೆ ಒತ್ತಿ ಎಣಿಸಿದರು. ಉತ್ತರ ಬೇರೆ ಬಂತು. ಚಹಾ ಅಂಗಡಿಯ ಕುಂಞುಮೋನ್ ಕಾರು ಎಡಕ್ಕೆ ವಾಲಿದ್ದನ್ನು ಗೇಣಿನಲ್ಲಿ ಅಳೆದು, “ಚೇಟ್ಟಾ, ಆಕ್ಸಲ್ಲೇ ಬಗ್ಗಿದೆ” ಎಂದು ಶೋಕದ ಮುಖ ಮಾಡಿದ. ಅವನ ಅಂಗಡಿಯ ಬೆಂಚು ಹತ್ತು ವರ್ಷದಿಂದ ವಾಲಿಕೊಂಡಿದೆ, ಅದನ್ನು ಅಳೆದವರಿಲ್ಲ. ಇನ್ನೊಬ್ಬರು ಡಿಕ್ಕಿಯೊಳಗೆ ಮಲಗಿ ಸದ್ದು ಕೇಳುತ್ತೇನೆಂದು ಹಟ ಹಿಡಿದರು. ಒಂದು ಸುತ್ತು ಹೊಡೆಸಿದೆ. ಇಳಿದಾಗ ಅವರು ಕೇಳಿದ್ದು ತಮ್ಮ ಬೆನ್ನುಮೂಳೆಯ ಸದ್ದನ್ನು ಮಾತ್ರ.

ಕೊನೆಗೆ ಶನಿವಾರ ಪೇಟೆಯ ಮೆಕ್ಯಾನಿಕ್ ರಾಜನ್‌ನ ಶೆಡ್ಡಿಗೆ ಹೋದೆವು. ಅವನು ಗಡಿಯಾಚೆ ಕುಟ್ಟದ ಕಡೆಯವನು, ಕನ್ನಡ ಬಲ್ಲ. ಪದ್ಮಾವತಿ ತೀರ್ಪು ಕೇಳಲು ಬಂದಿದ್ದಳು. ಭಾವ ತಮ್ಮ ಲೆಕ್ಕ ಸರಿಯಾಗುವುದನ್ನು ನೋಡಲು. ರಾಜನ್ ಜಾಕಿ ಕೊಟ್ಟು, ಚಕ್ರ ಬಿಚ್ಚಿ, ಟಾರ್ಚ್ ಹಾಕಿ ನಕ್ಕ. “ಸಾರೇ, ಸ್ಪ್ರಿಂಗ್ ಮುರಿದಿದೆ. ಸುರುಳಿಯ ನಡುವೆ ಯಾರೋ ಮರದ ತುಂಡು ತುರುಕಿದ್ದಾರೆ. ಭಾರಕ್ಕೆ ಗಾಡಿ ತಗ್ಗದಿರಲಿ ಅಂತ.”

“ಯಾವ ಅವಿವೇಕಿಯಪ್ಪಾ ಅವನು!” ಎಂದೆ ನಾನು. ಈ ಸೀಮೆಯ ಎಲ್ಲ ಮೆಕ್ಯಾನಿಕರ ವಿದ್ಯೆಯನ್ನೂ ನಾಲ್ಕು ಮಾತಿನಲ್ಲಿ ಜಾಲಾಡಿಬಿಟ್ಟೆ. ಭಾವ ತಲೆದೂಗಿದರು.

ರಾಜನ್ ಅದನ್ನು ಸುತ್ತಿಗೆಯಿಂದ ಬಡಿದು ತೆಗೆದ. ತುಂಡಿನ ತುದಿಯಲ್ಲಿ ಒಂದು ಕಬ್ಬಿಣದ ಬಳೆ ಸಡಿಲವಾಗಿ ಅಲ್ಲಾಡುತ್ತಿತ್ತು. ‘ಟಣ್’ ಎಂದಿತು.

ಆ ಬಳೆಯ ಗುರುತು ನನಗೆ ಸಿಕ್ಕಿತು. ಮೂರು ವರ್ಷದ ಹಿಂದೆ, ಕಾಫಿ ಮೂಟೆ ಹೇರಿ ಕಾರು ನೆಲ ಕಚ್ಚಿದ್ದ ಬೆಳಿಗ್ಗೆ, ಗಟ್ಟಿಮರ ಬೇಕೆಂದು ಕೈಗೆ ಸಿಕ್ಕಿದ್ದನ್ನು ಕೊಯ್ದಿದ್ದೆ. ಒಂದೇ ದಿನದ ಮಟ್ಟಿಗೆ. ಉಳಿದದ್ದನ್ನು ಹಂಡೆ ಒಲೆಗೆ ಹಾಕಿ ಮರೆತಿದ್ದೆ.

“ಇದು ಅಮ್ಮ ಕೊಟ್ಟ ಒನಕೆ ಅಲ್ವೇನ್ರೀ?” ಎಂದಳು ಪದ್ಮಾವತಿ.

ಆ ಒನಕೆ ಕಾಣೆಯಾದಾಗ, ಹಬ್ಬಕ್ಕೆ ಬಂದಿದ್ದ ತನ್ನ ತಂಗಿಯೇ ಒಯ್ದಳೆಂದು ಅವಳು ನಂಬಿದ್ದಳು. “ಇರಬಹುದು, ಅವಳಿಗೆ ಮೊದಲಿಂದಲೂ ಅದರ ಮೇಲೆ ಕಣ್ಣು” ಎಂದು ಹೇಳಿದವನು ನಾನೇ. ಅಕ್ಕತಂಗಿಯರು ಮನಸ್ಸು ಬಿಚ್ಚಿ ಮಾತಾಡಿ ಮೂರು ವರ್ಷವಾಯಿತು. ಆ ತಂಗಿಯ ಗಂಡ, ಧರಣೇಂದ್ರ ಭಾವ, ನನ್ನನ್ನು ನೋಡುತ್ತ ನಿಂತಿದ್ದರು. ಈ ಸಲ ಏನನ್ನೂ ಎಣಿಸಲಿಲ್ಲ.

ಸ್ಪ್ರಿಂಗ್ ಹೊಸತಾಯಿತು, ಕಾರು ಉಳಿಯಿತು. ಭಾನುವಾರ ವೆಳ್ಳಮುಂಡದಲ್ಲಿರುವ ನಾದಿನಿಯ ಮನೆಗೆ ಹೊರಟೆವು. ನಡೆದದ್ದನ್ನೆಲ್ಲ ಅಲ್ಲಿ ನನ್ನ ಬಾಯಿಂದಲೇ ಹೇಳಬೇಕೆಂದು ಆಜ್ಞೆಯಾಗಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಮಡಿಲಲ್ಲಿ ಆ ತುಂಡು. ನನ್ನ ಪಕ್ಕದಲ್ಲಿ ಪದ್ಮಾವತಿ. ದಾರಿಯ ಹೊಂಡಗಳನ್ನೆಲ್ಲ ಹುಡುಕಿ ಹುಡುಕಿ ಇಳಿಸಿದೆ. ದೇವರೇ, ಒಮ್ಮೆಯಾದರೂ ‘ಟಣ್’ ಅನ್ನಲಿ, ಗಾಡಿ ಕೆಟ್ಟಿತೆಂದು ಹಿಂದಿರುಗಿಬಿಡೋಣ ಎಂದು. ಹಾಳಾದ ಕಾರು ಕಮಕ್ ಕಿಮಕ್ ಅನ್ನಲಿಲ್ಲ.