ಸೊಂಟವೋ ಬೂಟೋ

ಬೂಟು ಕಚ್ಚಿತು. ಅಂದಿನ ರಾಮಾಯಣಕ್ಕೆಲ್ಲ ಮೂಲ ಅದೇ.

ಕಾಲನ್ನು ಕಣ್ಣಲ್ಲಿ ನೋಡಿಯೇ ಸೈಜು ಹೇಳಬಲ್ಲವನಾದ್ದರಿಂದ ಚಪ್ಪಲಿ ಅಂಗಡಿಯಲ್ಲಿ ಅವನನ್ನು ಅಳತೆಗಾರ ಎಂದು ಕರೆಯುತ್ತಿದ್ದರು. ಅಂಥವನಿಗೇ ಯಜಮಾನರು ಬೆಳಿಗ್ಗೆ ಒಂದು ಸೈಜು ಚಿಕ್ಕದಾದ ಬೂಟನ್ನು ತೊಡಿಸಿದ್ದರು. ಬಾಗಿಲ ಮೇಲೆ ‘ಮೊದಲ ದಿನವೂ ಕಚ್ಚದ ಬೂಟು’ ಎಂಬ ಹೊಸ ಬೋರ್ಡು ಬಂದಿತ್ತು. ಬೋರ್ಡಿಗೆ ಸಾಕ್ಷಿಯಾಗಿ ಒಬ್ಬ ಆ ಬೂಟನ್ನು ಹಾಕಿಕೊಂಡು ಗಿರಾಕಿಗಳ ಮುಂದೆ ಓಡಾಡಬೇಕಿತ್ತು.

“ಸ್ವಲ್ಪ ಬಿಗಿ ಇದೆ, ಸಾರ್.”

“ಬಿಗಿ ಇದ್ರೇನೇ ಅಂದ. ಮುಖದ ಮೇಲೆ ನಗು ಇರ್ಲಿ,” ಎಂದರು ಯಜಮಾನರು, ಕ್ಯಾಶ್ ಕೌಂಟರಿನ ಹಿಂದಿನಿಂದ.

ಒಂದು ಗಂಟೆಯೊಳಗೆ ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ನಗು ಮುಖದ ಮೇಲಿತ್ತು, ಆದರೆ ಹಲ್ಲುನೋವಿನವನಿಂದ ಸಾಲ ತಂದ ಹಾಗಿತ್ತು. ಸಾಕ್ಸಿನೊಳಗೆ ಹತ್ತಿ ತುರುಕಿ ನೋಡಿದ. ಬೂಟು ಹತ್ತಿಯನ್ನೂ ಸೇರಿಸಿಕೊಂಡು ಕಚ್ಚಿತು. ಅವನು ಕುಂಟತೊಡಗಿದ.

ಬೇರೆ ಯಾವ ದಿನ ಕುಂಟಿದ್ದರೂ ನಡೆಯುತ್ತಿತ್ತು. ಇವತ್ತು ಮಾತ್ರ ಕೂಡದಾಗಿತ್ತು.

ಹತ್ತು ವರ್ಷದ ಹಿಂದೆ ಅಳತೆಗಾರನ ಎಡ ಸೊಂಟದ ಕೀಲಿಗೆ ಕೀಹೋಲ್ ಆಪರೇಷನ್ ಆಗಿತ್ತು. ಎರಡು ಮೂರು ಸಣ್ಣ ತೂತು, ಒಳಗೆ ಕ್ಯಾಮೆರಾ, ಹರಿದದ್ದನ್ನು ಹೊಲಿದು ಉಬ್ಬಿದ್ದನ್ನು ಉಜ್ಜಿ ಕಳಿಸಿದ್ದರು. ಅಂದಿನಿಂದ ಕೀಲು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿತ್ತು. ಈಗ ಅದೇ ಆಪರೇಷನ್ ಅವನ ಹೆಂಡತಿಯ ಅಣ್ಣನಿಗೆ ಆಗಬೇಕಿತ್ತು. ಸ್ಕ್ಯಾನ್ ಮಾಡಿಸಲು ಎರಡು ದಿನಕ್ಕೆಂದು ಬಂದಿದ್ದ ಭಾವ, ಆರು ತಿಂಗಳಿಂದ ಮನೆಯ ಒಂದೇ ಮಂಚದ ಮೇಲೆ ಮಲಗಿಕೊಂಡು ತೀರ್ಮಾನ ಮಾಡುತ್ತಿದ್ದರು. ಅಳತೆಗಾರ ನಡುಮನೆಯ ಸೋಫಾದಲ್ಲಿ ಮಲಗುತ್ತಿದ್ದ. ಸೋಫಾ ಅವನಿಗಿಂತ ಒಂದು ಅಡಿ ಗಿಡ್ಡ.

ಡಾಕ್ಟರು ವಿವರವಾಗಿಯೇ ಹೇಳಿದ್ದರು: ಬಹಳ ಜನಕ್ಕೆ ವರ್ಷಾನುಗಟ್ಟಲೆ ಚೆನ್ನಾಗಿರುತ್ತದೆ, ಕೆಲವರಿಗೆ ನೋವು ಮತ್ತೆ ಬರಬಹುದು, ಕೆಲವರು ಮುಂದೆ ಕೀಲನ್ನೇ ಬದಲಾಯಿಸಿಕೊಳ್ಳಬೇಕಾಗಬಹುದು. ಭಾವನ ಕಿವಿಗೆ ಬಿದ್ದದ್ದು ‘ಕೆಲವರು’ ಮಾತ್ರ. ಆದ್ದರಿಂದ ದಿನಾ ಬೆಳಿಗ್ಗೆ ಅಳತೆಗಾರನನ್ನು ಅಡುಗೆಮನೆಯಿಂದ ಬಾಗಿಲವರೆಗೆ ನಡೆಸಿ, ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವವರ ಹಾಗೆ ತಲೆ ಓರೆ ಮಾಡಿ ನೋಡುತ್ತಿದ್ದರು. ಅಂತೂ ನಿನ್ನೆ ಒಪ್ಪಿದ್ದರು. ನಾಳೆ ಆಸ್ಪತ್ರೆಗೆ ಸೇರುವುದಿತ್ತು. ಅಳತೆಗಾರ ಆಗಲೇ ಮನಸ್ಸಿನಲ್ಲಿ ಮಂಚದ ಮೇಲೆ ಹೊಸ ಚಾದರ ಹಾಸಿಯಾಗಿತ್ತು.

“ಏನ್ರೀ, ಕುಂಟ್ತಾ ಇದ್ದೀರಿ? ಬೂಟು ಕಚ್ತಾ?” ಎಂದು ಕೇಳಿದ ಒಬ್ಬ ಗಿರಾಕಿ. ಅವನ ಕೈಯಲ್ಲಿ ಅದೇ ಬೂಟಿನ ಡಬ್ಬ ಇತ್ತು.

ಕೌಂಟರಿನ ಕಡೆಯಿಂದ ಯಜಮಾನರ ಕಣ್ಣು ಬೆನ್ನಿಗೆ ಚುಚ್ಚಿತು.

“ಛೆ ಛೆ, ಬೂಟು ಹೂವಿನ ಹಾಗಿದೆ ಸಾರ್! ಇದು ಸೊಂಟ. ಹಳೇ ಆಪರೇಷನ್ನು, ಕೀಹೋಲು. ಒಂದೊಂದ್ಸಲ ಹೀಗೆ ಎಳೆಯತ್ತೆ.”

ಮಾತು ಬಾಯಿಂದ ಬಿದ್ದ ಮೇಲೆ ತಿರುಗಿ ನೋಡಿದರೆ, ಎದುರುಮನೆಯ ಟೀಚರಮ್ಮ ಚಪ್ಪಲಿ ಅಳತೆ ಕೊಡಲು ಕುರ್ಚಿಯಲ್ಲಿ ಕೂತಿದ್ದರು. ನಿವೃತ್ತಿಯಾದ ಮೇಲೆ ಪಾಠ ನಿಂತಿತ್ತೇ ಹೊರತು ಊರಿಗೆಲ್ಲ ವಿಷಯ ತಿಳಿಸುವುದು ನಿಂತಿರಲಿಲ್ಲ.

“ಅಯ್ಯೋ ಪಾಪ! ಹಾಳಾಗೋಯ್ತಾ ಅದು?” ಎನ್ನುತ್ತಲೇ ಅವರು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಫೋನ್ ಹಿಡಿದು ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು ಬಂತು. “ನಿಮ್ಮ ಸೊಂಟ ಬಿಟ್ಟೋಯ್ತಂತೆ! ಅಣ್ಣ ಬ್ಯಾಗಿಂದ ಬಟ್ಟೆ ಎಲ್ಲಾ ತೆಗೆದು ಮತ್ತೆ ಬೀರೂಗೆ ಇಡ್ತಾ ಇದ್ದಾನೆ.”

ಅಳತೆಗಾರ ಡಬ್ಬಗಳ ಹಿಂದೆ ಅಡಗಿ ಪಿಸುಗುಟ್ಟಿದ: “ಸೊಂಟ ಅಲ್ವೇ, ಬೂಟು! ಬೂಟು!”

“ಗಟ್ಟಿಯಾಗಿ ಹೇಳ್ರೀ!”

“ಗಟ್ಟಿಯಾಗಿ ಹೇಳಿದ್ರೆ ಕೆಲಸ ಹೋಗತ್ತೆ ಕಣೇ!”

ಆಮೇಲಿನ ಅರ್ಧ ಗಂಟೆ ಅವನು ಗಿರಾಕಿಗಳಿಗೆ ಸೊಂಟ ಎನ್ನುತ್ತ, ಫೋನಿಗೆ ಬೂಟು ಎನ್ನುತ್ತ, ಎರಡು ಪಕ್ಷದ ಟಿಕೆಟ್ಟಿಗೂ ಅರ್ಜಿ ಹಾಕಿದವನಂತೆ ಬೆವರಿದ. ಒಮ್ಮೆ ಬಾಯಿ ತಪ್ಪಿ ಫೋನಿಗೆ ಸೊಂಟ ಎಂದ. ಅಷ್ಟು ಸಾಕಾಯಿತು. ಅಂಗಡಿಯ ಮುಂದೆ ಆಟೋ ನಿಂತಿತು. ಊರುಗೋಲಿನ ಸಮೇತ ಭಾವ ಇಳಿದರು. ಹಿಂದೆ ಹೆಂಡತಿ, ಅವಳ ಹಿಂದೆ ಟೀಚರಮ್ಮ.

“ನಡಿ ನೋಡೋಣ,” ಎಂದರು ಭಾವ.

“ಭಾವ, ಗಿರಾಕಿಗಳಿದ್ದಾರೆ...”

“ನಾಳೆ ಕತ್ತಿ ಬೀಳೋದು ನನ್ನ ಸೊಂಟಕ್ಕೆ. ನಡೀತೀಯೋ ಇಲ್ವೋ?”

ಅವನು ನಡೆದ. ಕುಂಟಿದ. ಟೀಚರಮ್ಮ ‘ಚ್ಚು ಚ್ಚು’ ಎಂದರು. ಸೋಫಾದ ಗಿಡ್ಡ ತೋಳು ಅಳತೆಗಾರನ ಕಣ್ಣ ಮುಂದೆ ಜೀವಮಾನವಿಡೀ ಚಾಚಿಕೊಂಡಂತೆ ಕಂಡಿತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ, ಎದ್ದ. ಎಡ ಮೊಣಕಾಲನ್ನು ಎದೆಗೆ ತಾಗಿಸಿದ. ಏಣಿ ಹತ್ತಿ ಮೇಲಿನ ಅಟ್ಟದಿಂದ ಡಬ್ಬ ತೆಗೆದುಕೊಂಡು ಇಳಿದ. ಗಿರಾಕಿಯೊಬ್ಬ ಚಪ್ಪಾಳೆ ತಟ್ಟಿದ.

“ಎಲ್ಲಾ ಸರಿ. ಮತ್ತೆ ಕುಂಟೋದು ಯಾಕೆ?” ಎಂದರು ಭಾವ.

ಅಳತೆಗಾರ ಯಜಮಾನರನ್ನು ನೋಡಿದ, ಭಾವನನ್ನು ನೋಡಿದ. ಕೆಲಸ ಇನ್ನೊಂದು ಸಿಗಬಹುದು, ಮಂಚ ಇರುವುದು ಒಂದೇ. ಬಗ್ಗಿ ಬೂಟನ್ನು ಕಿತ್ತು ನೆಲಕ್ಕೆ ಎಸೆದ.

“ಬೂಟು ಕಚ್ತಿದೆ! ಬೆಳಿಗ್ಗೆಯಿಂದ ನಾಯಿ ಕಚ್ಚಿದ ಹಾಗೆ ಕಚ್ತಿದೆ! ಸೊಂಟ ಕಲ್ಲಿನ ಹಾಗಿದೆ!”

ಡಬ್ಬ ಹಿಡಿದಿದ್ದ ಗಿರಾಕಿ ಅದನ್ನು ಮೆಲ್ಲಗೆ ಕೆಳಗಿಟ್ಟು ಬಾಗಿಲ ಕಡೆ ಸರಿದ. ಯಜಮಾನರು ಕೌಂಟರಿನಿಂದೆದ್ದು ಒಂದೊಂದೇ ಹೆಜ್ಜೆಯಿಡುತ್ತ ಬಂದರು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಏನಂದೆ? ಸೊಂಟ ಚೆನ್ನಾಗಿದೆಯಾ? ನಿಜ ಹೇಳು,” ಎಂದರು ಯಜಮಾನರು.

“ಹೌದು, ಸಾರ್.”

“ಪಾಪಿ! ಇದೇ ಆಪರೇಷನ್ ನನಗೂ ಹೇಳಿದ್ದಾರೆ ಕಣೋ. ಯಾರಿಗೂ ಹೇಳದೆ ನಿನ್ನ ನಡಿಗೆ ನೋಡ್ಕೊಂಡೇ ಒಪ್ಪಿದ್ದೆ. ಬೆಳಿಗ್ಗೆ ನೀನು ಸೊಂಟ ಸೊಂಟ ಅಂದಿದ್ದು ಕೇಳಿ ಬೇಡ ಅಂತ ಡಾಕ್ಟರಿಗೆ ಫೋನ್ ಮಾಡ್ಬಿಟ್ಟೆ!” ಎಂದು ಬೈಯುತ್ತಲೇ ಯಜಮಾನರು ಮತ್ತೆ ಫೋನಿಗೆ ಕೈ ಹಾಕಿದರು. “ಬೂಟು ಹೋಗ್ಲಿ ಬಿಡು, ನಿನಗೊಂದು ಸೈಜು ದೊಡ್ಡದು ಕೊಡ್ತೀನಿ. ಆಪರೇಷನ್ ನಾಳೆನೇ ಮಾಡಿಸ್ಕೋತೀನಿ.”

ಕೆಲಸವೂ ಉಳಿಯಿತು, ಮಂಚವೂ ಬಂತು! ಅಳತೆಗಾರನಿಗೆ ಬೊಬ್ಬೆಯ ಉರಿಯೂ ಹಿತವೆನಿಸಿತು. “ನೋಡಿ ಭಾವ, ನಿಮಗೆ ಜೊತೆ ಸಿಕ್ರು. ನಾಳೆ ಇಬ್ರೂ ಒಟ್ಟಿಗೆ ಹೋಗ್ಬಹುದು.”

ಭಾವ ಯಜಮಾನರ ಸುತ್ತ ಒಂದು ಸುತ್ತು ಬಂದರು. ತಲೆ ಓರೆ ಮಾಡಿದರು.

“ನಿಮಗೆ ವಯಸ್ಸೆಷ್ಟು?”

ಯಜಮಾನರು ಹೇಳಿದರು.

“ನಂದೂ ಅಷ್ಟೇ. ಮೈಕಟ್ಟೂ ಒಂದೇ ತರ. ಇವನು ಮಾಡಿಸ್ಕೊಂಡಾಗ ಹುಡುಗ, ಇವನ ಕೀಲು ನೋಡಿ ನಾನು ಹೇಗೆ ನಂಬೋದು? ನೀವು ಮೊದಲು ಮಾಡಿಸ್ಕೊಳ್ಳಿ. ನಿಮ್ಮದು ಹೇಗಿರತ್ತೆ ಅಂತ ನೋಡ್ಕೊಂಡು ನಾನು ತೀರ್ಮಾನ ಮಾಡ್ತೀನಿ.”

“ಎಷ್ಟು ದಿನ ನೋಡ್ತೀರಿ, ಭಾವ?” ಅಳತೆಗಾರನ ದನಿ ಬಾವಿಯ ತಳದಿಂದ ಬಂತು.

“ದಿನದ ಲೆಕ್ಕ ಅಲ್ಲಪ್ಪ ಇದು. ಹತ್ತು ವರ್ಷವಾದ್ರೂ ನೋಡ್ದೆ ಹೇಗೆ ಹೇಳೋಕಾಗತ್ತೆ?” ಎಂದ ಭಾವ, ಆಟೋದವನಿಗೆ ಕಾಯಲು ಕೈಸನ್ನೆ ಮಾಡಿ, ತಂಗಿಯ ಕಡೆ ತಿರುಗಿದರು. “ಬಾಮ್ಮ, ಮನೆಗೆ ಹೋಗೋಣ. ಬೆಳಿಗ್ಗೆಯಿಂದ ನಿಂತೂ ನಿಂತೂ ಸಾಕಾಯ್ತು, ಸ್ವಲ್ಪ ಮಲಗ್ಬೇಕು.”