ಆನೆಯ ಕಾಲಿನ ಒಂಬತ್ತನೆಯ ಮಿಂಚುಳ್ಳಿ

ನನ್ನ ಕಣ್ಣು ಬಹಳ ಚುರುಕು. ಇದನ್ನು ಬೇರೆ ಯಾರೂ ಹೇಳದೆ ಇರುವುದರಿಂದ ನಾನೇ ಹೇಳಿಕೊಂಡು ಬರುತ್ತಿದ್ದೇನೆ. ಮದುವೆ ಮನೆಯಲ್ಲಿ ನಾಲ್ಕು ಪಂಕ್ತಿ ಆಚೆ ಕೂತವರ ಸೀರೆಯ ಫಾಲ್ ಬಿಚ್ಚಿದ್ದು ನನಗೆ ಕಾಣುತ್ತದೆ. ಎದುರುಮನೆಯವರು ಕರ್ಟನ್ ಬದಲಾಯಿಸಿದ್ದು ಆ ಮನೆಯ ಯಜಮಾನರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನನ್ನದೇ ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದ್ದು ಮಾತ್ರ ವಾಸನೆ ಬರುವ ತನಕ ತಿಳಿಯುವುದಿಲ್ಲ. ಆದರೆ ಅದು ಕಣ್ಣಿನ ತಪ್ಪಲ್ಲ, ಕೈಯಲ್ಲಿರುವ ಮೊಬೈಲಿನ ತಪ್ಪು. ಮೊಬೈಲಿನಲ್ಲಿ ನನ್ನದೊಂದು ಪೇಜಿದೆ. ಬೆಳಿಗ್ಗೆ ಎದ್ದು ನಮ್ಮನೆ, ನಮ್ಮೂರು ಸಾಗರ, ನನ್ನ ತವರು ಹೊಸನಗರ, ಎಲ್ಲದರ ಬಗ್ಗೆಯೂ ಉದ್ದುದ್ದ ಬರೆದು ಹಾಕುತ್ತೇನೆ. ಓದುವವರು ಇದ್ದಾರೆ. ಅವರಲ್ಲಿ ಅರ್ಧ ಜನ ನೆಂಟರು, ತಮ್ಮ ಬಗ್ಗೆ ಏನು ಬರೆದಿದ್ದೇನೆ ಎಂದು ನೋಡುವುದಕ್ಕೇ ಓದುತ್ತಾರೆ. ಈ ಸಲ ಬರೆಯುತ್ತಿರುವುದು ನನ್ನ ಬಗ್ಗೆಯೇ, ಆದ್ದರಿಂದ ಅವರಿಗೆಲ್ಲ ಹಬ್ಬ.

ದಸರಾ ರಜೆಗೆ ಘಟ್ಟದ ಕೆಳಗಿನ ಒಂದು ಥೀಮ್ ಪಾರ್ಕಿಗೆ ಹೋಗುವುದೆಂದು ತೀರ್ಮಾನವಾಯಿತು. ಹೊರಟವರು ನಾಲ್ಕು ಜನ. ನಾನು, ಒಂಬತ್ತನೇ ಕ್ಲಾಸಿನ ಮಗಳು ಸಿರಿ, ಎಪ್ಪತ್ತಮೂರು ವರ್ಷದ ನಮ್ಮ ಮಾವ, ಮತ್ತು ನನ್ನ ಗಂಡ. ಗಂಡ ಕಾರು ಓಡಿಸಿದರು. ಪಾರ್ಕಿನೊಳಗೆ ಹೋದಮೇಲೆ ನೆರಳಿರುವ ಬೆಂಚು ನೋಡಿ ಮಲಗಿಬಿಟ್ಟರು. ಹಾಗಾಗಿ ಈ ಕಥೆಯಲ್ಲಿ ಅವರ ಪಾತ್ರ ಇಲ್ಲಿಗೆ ಮುಗಿಯಿತು.

ಮಾವನದು ಹಾಗಲ್ಲ. ಅವರ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮದು ಗುಡಿಗಾರರ ಮನೆ. ಮಾವ ಐವತ್ತು ವರ್ಷ ಗಂಧದ ಮರದಲ್ಲಿ ಆನೆ, ನವಿಲು, ದೇವರು ಕೆತ್ತಿದವರು. ಈಗ ಕೆಲಸ ಬಿಟ್ಟಿದ್ದಾರೆ, ಅಂದರೆ ಸಂಬಳದ ಕೆಲಸ ಬಿಟ್ಟಿದ್ದಾರೆ. ಬೇರೆಯವರು ಕೆಟ್ಟದಾಗಿ ಮಾಡಿದ್ದನ್ನು ಸರಿ ಮಾಡುವ ಕೆಲಸ ಬಿಟ್ಟಿಲ್ಲ. ಯಾರ ಮನೆಗೆ ಹೋದರೂ ಮೊದಲು ಬಾಗಿಲಿನ ಚೌಕಟ್ಟನ್ನು ಹೆಬ್ಬೆರಳಿಂದ ಸವರುತ್ತಾರೆ. ಬೆರಳಿಗೆ ಏನಾದರೂ ತಡೆಯಿತೋ, ಜೇಬಿನಿಂದ ಪಾಲಿಶ್ ಪೇಪರಿನ ತುಂಡು ಹೊರಗೆ ಬರುತ್ತದೆ. ಹೊಸನಗರದಲ್ಲಿ ನನ್ನ ತಮ್ಮನ ಮದುವೆ ಆದಾಗ ಮಂಟಪಕ್ಕೆ ಥರ್ಮಾಕೋಲಿನ ನವಿಲು ನಿಲ್ಲಿಸಿದ್ದರು. ಧಾರೆ ಎರೆಯುವ ವಿಡಿಯೊ ನೋಡಿದರೆ, ಮದುಮಗನ ಹಿಂದೆ ನಮ್ಮ ಮಾವ ಅಡುಗೆಯವರಿಂದ ತಂದ ಚಾಕುವಿನಲ್ಲಿ ಆ ನವಿಲಿನ ಕುತ್ತಿಗೆ ಸಣ್ಣ ಮಾಡುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅಕ್ಷತೆ ಹಾಕಲು ಬಂದವರು ಅರ್ಧ ಅವರ ಮೇಲೂ ಹಾಕಿ ಹೋಗಿದ್ದಾರೆ.

ಆಗುಂಬೆ ಇಳಿಯುವ ಮೊದಲು ತಿಂಡಿಗೆ ತೀರ್ಥಹಳ್ಳಿಯಲ್ಲಿ ನಾದಿನಿಯ ಮನೆಗೆ ಹೋದೆವು. ವಿಜಯ ನನ್ನ ಗಂಡನ ತಂಗಿ, ನನಗಿಂತ ಆರು ವರ್ಷ ಚಿಕ್ಕವಳು, ಮಾತಿನಲ್ಲಿ ಮಾತ್ರ ಎಷ್ಟೋ ದೊಡ್ಡವಳು. ಅವಳು ಹೋದ ವರ್ಷ ಇದೇ ಪಾರ್ಕಿಗೆ ಹೋಗಿ ಬಂದಿದ್ದಳು. ಅಲ್ಲಿಯ ಕಲಾವಿದರು ಪಾರ್ಕಿನ ತುಂಬ ಒಂಬತ್ತು ಮಿಂಚುಳ್ಳಿ ಹಕ್ಕಿಗಳನ್ನು ಅಡಗಿಸಿ ಇಟ್ಟಿದ್ದಾರೆ, ಯಾವುದೂ ಹೆಬ್ಬೆರಳಿಗಿಂತ ದೊಡ್ಡದಿಲ್ಲ, ಒಂಬತ್ತನ್ನೂ ಹುಡುಕಿದವರ ಫೋಟೊ ಬಾಗಿಲ ಬಳಿಯ ಗೋಡೆಗೆ ಹಾಕುತ್ತಾರೆ ಎಂದು ಕಡುಬು ಬಡಿಸುತ್ತ ಹೇಳಿದಳು.

"ಅತ್ಗೆ, ನೀವು ಅದನ್ನ ಹುಡ್ಕಕ್ಕೆಲ್ಲ ಹೋಗ್ಬೇಡಿ. ಸುಮ್ನೆ ನೀರಲ್ಲಿ ಆಡಿ ಬನ್ನಿ. ನಂಗೇ ಎಂಟು ಸಿಕ್ಕಿದ್ದು."

"ನಂಗೇ ಅಂದ್ರೆ ಎಂತ ಅರ್ಥ?" ಅಂದೆ.

"ಎಂತ ಇಲ್ಲ. ನಿಮಗೆ ಐದು ಸಿಕ್ರೆ ಹೆಚ್ಚು ಅಂತ."

ಬಾಯಲ್ಲಿದ್ದ ಕಡುಬು ಅಲ್ಲೇ ನಿಂತಿತು. ಒಂಬತ್ತೂ ಹುಡುಕುತ್ತೇನೆ ಅಂದೆ. ಸಿಗದಿದ್ದರೆ ನನ್ನ ನಾದಿನಿಯ ಕಣ್ಣು ನನ್ನ ಕಣ್ಣಿಗಿಂತ ಚುರುಕು ಎಂದು ನನ್ನ ಪೇಜಿನಲ್ಲೇ ಬರೆಯುತ್ತೇನೆ ಅಂದೆ. ಸಿಕ್ಕರೆ, ನಮ್ಮ ಅತ್ತಿಗೆ ಸುಮ್ಮನೆ ಕೊಚ್ಚಿಕೊಳ್ಳುವವರಲ್ಲ ಎಂದು ಅವಳು ಫ್ಯಾಮಿಲಿ ಗ್ರೂಪಿನಲ್ಲಿ ಹಾಕಬೇಕು. ಅವಳು ತಟ್ಟನೆ ಒಪ್ಪಿದ್ದು ನೋಡಿ ನನಗೆ ಸ್ವಲ್ಪ ಅಳುಕಾಯಿತು. ಆದರೆ ಮಾತು ಆಡಿ ಆಗಿತ್ತು, ಸಾಕ್ಷಿಗೆ ಮಗಳು ರೆಕಾರ್ಡ್ ಬೇರೆ ಮಾಡಿಕೊಂಡಿದ್ದಳು.

ಪಾರ್ಕಿನ ಗೇಟಿನಲ್ಲಿ ಮೊದಲ ಅಡಚಣೆ. ಸೆಕ್ಯೂರಿಟಿಯವನು ಮಾವನ ಚೀಲದಿಂದ ಎರಡು ಸಣ್ಣ ಉಳಿ ಹೊರಗೆ ತೆಗೆದ. "ಇದ್ಯಾಕೆ ಅಜ್ಜ?" ಎಂದು ಕೇಳಿದ. "ಬೇಕಾಗ್ತವೆ" ಎಂದರು ಮಾವ, ಕನ್ನಡಕದ ಬಗ್ಗೆ ಹೇಳುವ ಹಾಗೆ. ಉಳಿಗಳನ್ನು ಇಟ್ಟುಕೊಂಡು ಟೋಕನ್ ಕೊಟ್ಟ. ಅಂಗಿ ಜೇಬಿನ ಪಾಲಿಶ್ ಪೇಪರನ್ನು ಅವನು ನೋಡಲಿಲ್ಲ. ನಾನೂ ನೋಡಲಿಲ್ಲ ಎಂದು ಇಲ್ಲೇ ಬರೆದುಬಿಡುತ್ತೇನೆ.

ಮೊದಲ ಹಕ್ಕಿ ಗೇಟಿನ ಕಬ್ಬಿಣದ ಬಳ್ಳಿಯಲ್ಲೇ ಸಿಕ್ಕಿತು. ಎರಡನೆಯದು ಐಸ್‌ಕ್ರೀಮ್ ಅಂಗಡಿಯ ಬೋರ್ಡಿನಲ್ಲಿ, ಅಕ್ಷರದ ಕೊಂಬಾಗಿ ಕೂತಿತ್ತು. ಒಂದು ಸಿಮೆಂಟಿನ ಆಲದ ಬಿಳಲಿನ ನಡುವೆ, ಒಂದು ಅರಮನೆ ಕಿಟಕಿಯ ಜಾಲಿಯಲ್ಲಿ, ಒಂದು ಹೆಂಗಸರ ಬಾತ್‌ರೂಮಿನ ನೆಲದ ಟೈಲ್ಸಿನಲ್ಲಿ. ಆ ಕೊನೆಯದನ್ನು ನಾನು ಮೊಣಕಾಲೂರಿ ಫೋಟೊ ತೆಗೆಯುತ್ತಿದ್ದಾಗ ಬಂದ ಹೆಂಗಸೊಬ್ಬರು "ಏನಾದ್ರೂ ಬೀಳಿಸಿಕೊಂಡ್ರಾ?" ಎಂದು ಕೇಳಿ, ತಾವೂ ಬಗ್ಗಿ ಹುಡುಕತೊಡಗಿದರು. ಜಾರುಬಂಡೆಯ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಕೂಗುತ್ತ ಇಳಿದರೆ ನಾನು ಕಣ್ಣು ಬಿಟ್ಟು ಗೋಡೆ ನೋಡುತ್ತ ಇಳಿದೆ. ಅಲ್ಲಿಯೂ ಒಂದು ಸಿಕ್ಕಿತು. ಸಿರಿ ಮೊದಮೊದಲು "ಅಮ್ಮ, ಜನ ನೋಡ್ತಿದಾರೆ" ಎನ್ನುತ್ತಿದ್ದವಳು, ಏಳನೆಯದನ್ನು ತಾನೇ ಡ್ರ್ಯಾಗನ್ನಿನ ಬಾಲದಲ್ಲಿ ಕಂಡುಹಿಡಿದ ಮೇಲೆ ನನಗಿಂತ ಜೋರಾದಳು. ಎಷ್ಟೋ ದಿನಗಳ ಮೇಲೆ ನನ್ನ ಮಗಳು ಮೊಬೈಲ್ ಬಿಟ್ಟು ನನ್ನ ಕೈ ಹಿಡಿದು ಎಳೆದುಕೊಂಡು ಓಡಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಎಂಟು. ವಿಜಯಳ ಲೆಕ್ಕಕ್ಕೆ ಸರಿಸಮ. ನನಗೆ ಅನ್ನ ಸೇರಲಿಲ್ಲ.

ಊಟ ಆದಮೇಲೆ ದೋಣಿ ಸವಾರಿಯ ಕ್ಯೂ. ಮುಕ್ಕಾಲು ಗಂಟೆ ನಿಲ್ಲಬೇಕಿತ್ತು. ಕ್ಯೂ ಹೋಗುವುದು ಒಂದು ದೊಡ್ಡ ಆನೆಯ ಪಕ್ಕದಲ್ಲೇ, ಕಂಬಿಗೂ ಆನೆಯ ಕಾಲಿಗೂ ಒಂದು ಗೇಣು ಅಂತರ. ನಾನು ಮತ್ತು ಸಿರಿ ಕುತ್ತಿಗೆ ಮೇಲೆ ಮಾಡಿ ಚಾವಣಿಯ ತೊಲೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದೆವು. ಮಾವ ನಮ್ಮ ಹಿಂದೆ ಇದ್ದರು. ನಡುವೆ ಒಂದೆರಡು ಸಲ ಅವರು "ನೀವು ಮುಂದೆ ಹೋಗಿ, ನಂಗೆ ಇಲ್ಲಿ ಸ್ವಲ್ಪ ಕೆಲ್ಸ ಇದೆ" ಎಂದು ಯಾರಿಗೋ ದಾರಿ ಬಿಟ್ಟಿದ್ದು ಕೇಳಿಸಿತು. ಕೊನೆಗೆ ಬಂದು ಸೇರಿಕೊಂಡಾಗ ಅವರ ಕೈಯೆಲ್ಲ ಬಿಳಿ ಧೂಳು. ನಾನೇ ಒದ್ದೆ ಟಿಶ್ಯೂ ಕೊಟ್ಟು ಒರೆಸಿಕೊಳ್ಳಿ ಮಾವ ಅಂದೆ. ನೆನಪಿಡಿ, ನನ್ನ ಕಣ್ಣು ಬಹಳ ಚುರುಕು.

ನಾಲ್ಕು ಗಂಟೆಯಾದರೂ ಒಂಬತ್ತನೆಯದು ಇಲ್ಲ. ಪಾರ್ಕನ್ನು ಎರಡು ಸುತ್ತು ಹಾಕಿ, ಕಸದ ಬುಟ್ಟಿಗಳ ಕೆಳಗೂ ನೋಡಿ, ಕೊನೆಗೆ ಮರ್ಯಾದೆ ಬಿಟ್ಟು ಮಾಹಿತಿ ಕೌಂಟರಿಗೆ ಹೋದೆ. ಅಲ್ಲಿ ಪಾರ್ಕಿನ ಕಲಾ ವಿಭಾಗದ ಹುಡುಗಿಯೊಬ್ಬಳು ಇದ್ದಳು, ಜೀನ್ಸಿನ ಮೇಲೆಲ್ಲ ಬಣ್ಣದ ಕಲೆ. ನನ್ನ ಮುಖ ನೋಡಿ ಅವಳಿಗೆ ಕನಿಕರ ಬಂತೋ ಏನೋ. "ಎಂಟು ಸಿಕ್ಕಿದ್ರೆ ಒಂದು ಸುಳಿವು ಕೊಡ್ಬಹುದು ಮೇಡಂ. ಜನ ಜಾಸ್ತಿ ಹೊತ್ತು ನಿಲ್ಲೋ ಜಾಗ, ದೊಡ್ಡ ಪ್ರಾಣಿ. ಅದನ್ನ ನಾನೇ ಮಾಡಿದ್ದು, ನಂಗೆ ಅದೇ ಇಷ್ಟ" ಎಂದಳು. ನಾನು ಮತ್ತು ಸಿರಿ ಆನೆಯ ಕಡೆ ಓಡಿದೆವು. ಮಾವ ನಿಧಾನ ಬಂದರು. ಆನೆಯ ನಾಲ್ಕು ಕಾಲು, ಸೊಂಡಿಲು, ಕಿವಿ, ಎಲ್ಲ ನೋಡಿದೆವು. ಇಲ್ಲ. ಆ ಹುಡುಗಿಯೇ ನಗುತ್ತ ಬಂದು, ಕಂಬಿಯ ಒಳಗೆ ಕೈ ಹಾಕಿ, ಎಡಗಾಲಿನ ಉಗುರಿನ ಮೇಲ್ಭಾಗ ಮುಟ್ಟಿ, ನಗು ನಿಲ್ಲಿಸಿದಳು. ಇನ್ನೊಮ್ಮೆ ಮುಟ್ಟಿದಳು. ಬಗ್ಗಿ ನೋಡಿದಳು.

"ಇಲ್ಲೇ ಇತ್ತು" ಎಂದಳು. "ಇಲ್ಲಿ ಈಗ ಏನೂ ಇಲ್ಲ."

ನಮ್ಮ ಮಾವ ಗಂಟಲು ಸರಿಮಾಡಿಕೊಂಡು ಮುಂದೆ ಬಂದರು. "ಅದಾ? ಅಲ್ಲೊಂದು ಗಂಟು ಬಿಟ್ಟಿದ್ರು ಮಗಾ. ಆನೆ ಕಾಲಲ್ಲಿ ಗಂಟು ಇರಬಾರ್ದು. ನಮ್ಮಲ್ಲಿ ಅಂಥಾ ಆನೇನ ಅಂಗಡಿಗೇ ಕಳ್ಸಲ್ಲ, ವಾಪಸ್ ಬರ್ತದೆ. ನಾನು ತಿಕ್ಕಿ ಸಮ ಮಾಡ್ದೆ. ಬೆಳ್ಳಗೆ ಕಾಣ್ತಿತ್ತು ಅಂತ ಒಂಚೂರು ಮಣ್ಣು ಉಜ್ಜಿ ಬಣ್ಣಾನೂ ಕೂಡ್ಸಿದೀನಿ. ಗೊತ್ತಾಗಲ್ಲ, ಅಲ್ದಾ?"

ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ಅದೇ ತೊಂದರೆ. ನಾನು ಇಡೀ ದಿನ ಬೆವರು ಸುರಿಸಿ ಹುಡುಕಿದ ಒಂಬತ್ತನೆಯ ಹಕ್ಕಿಯನ್ನು ನನ್ನ ಸ್ವಂತ ಮಾವ, ನನ್ನ ಬೆನ್ನ ಹಿಂದೆಯೇ, ಪುಡಿ ಮಾಡಿ, ಆ ಪುಡಿಯನ್ನು ನಾನು ಕೊಟ್ಟ ಟಿಶ್ಯೂನಲ್ಲೇ ಒರೆಸಿ ಕಸದ ಬುಟ್ಟಿಗೆ ಹಾಕಿದ್ದರು. ಸೆಕ್ಯೂರಿಟಿಯವರು ಬಂದು ನಾಲ್ಕು ಜನರನ್ನೂ ಸಾಲಾಗಿ ಹೊರಗೆ ನಡೆಸಿಕೊಂಡು ಹೋಗುವುದು, ಅದನ್ನು ಯಾರೋ ವಿಡಿಯೊ ಮಾಡುವುದು, ಅದು ವಿಜಯಳ ಮೊಬೈಲಿಗೆ ತಲುಪುವುದು, ಎಲ್ಲ ಕಣ್ಣಮುಂದೆ ಬಂತು. "ಮಾವ, ಅದು ಗಂಟಲ್ಲ, ಹಕ್ಕಿ" ಎಂದು ಮೆಲ್ಲಗೆ ಹೇಳಿದೆ.

ಮಾವನ ಮುಖ ಸಣ್ಣದಾಯಿತು. ಅವರು ಬೇರೆಯವರ ಕೆಲಸ ಸರಿ ಮಾಡಿದ್ದನ್ನು ನೋಡಿದ್ದೆ, ಬೇರೆಯವರ ಕೆಲಸ ಹಾಳು ಮಾಡಿದೆ ಎಂದು ನಾಚಿದ್ದನ್ನು ಅವತ್ತೇ ಮೊದಲು ನೋಡಿದ್ದು. "ಹಕ್ಕಿನಾ? ನೀನು ಮಾಡಿದ್ದಾ ಮಗಾ?" ಎಂದು ಆ ಹುಡುಗಿಯನ್ನು ಕೇಳಿದರು. ಅವಳು ಹೌದೆಂದಳು. "ಕೊಕ್ಕು ದಪ್ಪ ಆಗಿತ್ತು" ಎಂದರು. ಕ್ಷಮೆ ಕೇಳುವುದರಲ್ಲಿ ನಮ್ಮ ಮಾವನಿಗೆ ಅಭ್ಯಾಸ ಕಡಿಮೆ. ಆಮೇಲೆ, "ಪ್ಲಾಸ್ಟರ್ ಇದ್ರೆ ಒಂಚೂರು ಕೊಡು. ನಾನು ಕೆಡ್ಸಿದ್ದನ್ನ ನಾನೇ ಮಾಡಿಕೊಟ್ಟು ಹೋಗ್ತೀನಿ" ಎಂದರು.

ಆ ಹುಡುಗಿ ಆನೆಯ ಕಾಲನ್ನು ಇನ್ನೊಮ್ಮೆ ಸವರಿ, "ಅಜ್ಜ, ಫಿನಿಶಿಂಗ್ ನಮ್ದಕ್ಕಿಂತ ಚೆನ್ನಾಗಿದೆ" ಎಂದು ನಗಲು ಶುರುಮಾಡಿದಾಗ ನನಗೆ ಉಸಿರು ಬಂತು. ಪ್ಲಾಸ್ಟರ್ ಬಂತು, ಬೂದು ಬಣ್ಣ ಬಂತು, ಗೇಟಿನಿಂದ ಟೋಕನ್ ಕೊಟ್ಟು ಎರಡು ಉಳಿಯೂ ಬಂದವು. ಕ್ಯೂವಿನವರು ದೋಣಿ ಮರೆತು ಸುತ್ತ ನಿಂತರು. ನನ್ನನ್ನು ಮತ್ತು ಸಿರಿಯನ್ನು ಮಾತ್ರ ಬೆನ್ನು ತಿರುಗಿಸಿ ನಿಲ್ಲಿಸಿದರು. ಯಾಕೆಂದರೆ ಹುಡುಗಿ ಹೊಸ ಕಾನೂನು ಮಾಡಿದ್ದಳು, ಅಜ್ಜ ಮಾಡಿದ್ದನ್ನು ನಾವು ಹುಡುಕಿದರೆ ಅದೇ ಒಂಬತ್ತನೆಯದು, ಫೋಟೊ ಗೋಡೆಗೆ. ಹಿಂದಿನಿಂದ ಮಾವನ ದನಿ ಕೇಳುತ್ತಿತ್ತು. "ನೋಡು, ಹಿಂಗೆ ಎಳೀಬೇಕು. ಒತ್ತಬಾರ್ದು. ಕೈ ಕೊಡು, ನೀನೇ ಮಾಡು." ನನ್ನ ಮದುವೆಯಾದ ಈ ಇಪ್ಪತ್ತೆರಡು ವರ್ಷದಲ್ಲಿ ಮಾವ ನನಗೆ ಇಷ್ಟು ಮೃದುವಾಗಿ ಏನನ್ನೂ ಹೇಳಿಕೊಟ್ಟಿಲ್ಲ. ನಾನೂ ಕೇಳಿಲ್ಲ ಅನ್ನಿ.

ಪ್ಲಾಸ್ಟರ್ ಗಟ್ಟಿಯಾಗಿ ಬಣ್ಣ ಒಣಗಿದ ಮೇಲೆ ತಿರುಗಬಹುದು ಎಂದರು. ತಿರುಗಿದೆವು. ಆನೆಯ ಕಾಲಿತ್ತು. ಕಾಲು ಬಿಟ್ಟು ಬೇರೇನೂ ಇರಲಿಲ್ಲ. ಹತ್ತು ನಿಮಿಷ ನೋಡಿದೆ, ಇಪ್ಪತ್ತು ನಿಮಿಷ ನೋಡಿದೆ. ಕೈಯಾಡಿಸಿದೆ, ಮೊಬೈಲಿನ ಟಾರ್ಚ್ ಬಿಟ್ಟೆ. ಕ್ಯೂವಿನ ಜನರೆಲ್ಲ ನೋಡಿದ್ದರಲ್ಲ, ಅವರು ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. "ಮಾವ, ನಾನು ನಿಮ್ಮ ಸೊಸೆ" ಎಂದು ನೆನಪಿಸಿದೆ. "ಅದ್ಕೇ ಹೇಳ್ಬಾರ್ದು. ಮನೆಯವ್ರಿಗೆ ಹೇಳ್ಕೊಟ್ರೆ ಆಟ ಎಂತದು?" ಎಂದರು. ಪಾರ್ಕ್ ಮುಚ್ಚುವ ಗಂಟೆ ಹೊಡೆಯಿತು. ಸೋತೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆನೆಯ ಕಾಲಿಗೆ ಕೈ ಊರಿ ನಿಂತು, ಗೆದ್ದವರ ಹಾಗೆ ನಕ್ಕು ಸಿರಿಯಿಂದ ಒಂದು ಫೋಟೊ ತೆಗೆಸಿ, "ಒಂಬತ್ತನೆಯದು ನಮ್ಮ ಮಾವನ ಕೈಕೆಲಸ" ಎಂದಷ್ಟೇ ಬರೆದು ಪೇಜಿಗೆ ಹಾಕಿದೆ. ಸಿಕ್ಕಿತು ಎಂದೂ ಬರೆಯಲಿಲ್ಲ, ಸಿಗಲಿಲ್ಲ ಎಂದೂ ಬರೆಯಲಿಲ್ಲ. ಓದುವವರು ಏನು ಬೇಕಾದರೂ ತಿಳಿದುಕೊಳ್ಳಲಿ.

ಘಟ್ಟ ಹತ್ತಿ ಆಗುಂಬೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ವಿಜಯಳ ಫೋನ್ ಬಂತು.

"ಅತ್ಗೆ, ಫೋಟೊ ಭಾರಿ ಚೆನ್ನಾಗಿದೆ. ಆದ್ರೆ ಎಂತಕ್ಕೆ ಆ ಹಕ್ಕಿ ಬೆನ್ನಿನ ಮೇಲೆ ಕೈ ಊರ್ಕೊಂಡು ನಿಂತಿದೀರ?"

"ಯಾವ ಹಕ್ಕಿ?" ಎಂದು ಕೇಳಿಬಿಟ್ಟೆ. ಅಲ್ಲಿಗೆ ಎಲ್ಲ ಮುಗಿಯಿತು.

"ನಿಮ್ಮ ಕೈ ಇರೋ ಜಾಗ ದೊಡ್ಡದು ಮಾಡಿ ನೋಡಿ. ಮೊಣಕಾಲ ಹತ್ರ. ಚಿಕ್ಕೋಳಿದ್ದಾಗ ಅಪ್ಪನ ಆನೆ ಕಾಲಿಗೆ ಪಾಲಿಶ್ ಪೇಪರ್ ತಿಕ್ತಿದ್ದೋಳು ನಾನು ಮಾರಾಯ್ತಿ. ಆ ಆನೆಗೆ ಉಳಿದ ಕಾಲಲ್ಲೆಲ್ಲ ಮೂರು ಸುಕ್ಕು, ಇದ್ರಲ್ಲಿ ನಾಕು. ನಾಕನೇದು ಸುಕ್ಕಲ್ಲ."

ದೊಡ್ಡದು ಮಾಡಿ ನೋಡಿದೆ. ನನ್ನ ತೋರುಬೆರಳಿನ ಒಂದು ಪಕ್ಕದಲ್ಲಿ ಕೊಕ್ಕು ಇಣುಕುತ್ತಿತ್ತು, ಇನ್ನೊಂದು ಪಕ್ಕದಲ್ಲಿ ಬಾಲ. ಮಾವ ಪಕ್ಕದಲ್ಲಿ ಚಹಾ ಊದಿಕೊಂಡು ಕುಡಿಯುತ್ತ, "ಸಿಕ್ತಾ ಅವ್ಳಿಗೆ?" ಎಂದು ಮಗಳನ್ನು ನೆನೆದು ಖುಷಿಯಿಂದ ನಕ್ಕರು. ಸಿರಿಯಂತೂ ಅತ್ತೆಯ ಪಕ್ಷ ಸೇರಿ, ಬೆಳಿಗ್ಗೆಯ ರೆಕಾರ್ಡನ್ನು ಜೋರಾಗಿ ಹಾಕಿದಳು.

ಹಾಗಾಗಿ ಬರೆಯುತ್ತಿದ್ದೇನೆ. ನನ್ನ ನಾದಿನಿಯ ಕಣ್ಣು ನನ್ನ ಕಣ್ಣಿಗಿಂತ ಚುರುಕು. ಮೊದಲ ಸಾಲಿನಲ್ಲೇ ಬರೆಯಬೇಕೆಂದು ನಮ್ಮ ಮಾತುಕತೆಯಲ್ಲಿ ಎಲ್ಲೂ ಇರಲಿಲ್ಲ. ನನ್ನ ಉದ್ದುದ್ದ ಬರಹಗಳನ್ನು ಕೊನೆಯ ತನಕ ಓದುವವರು ಎಷ್ಟು ಜನ ಎಂದು ನನಗೆ ಚೆನ್ನಾಗಿ ಗೊತ್ತಿದೆ, ಅದಕ್ಕೇ ಈ ಸಲ ಇನ್ನಷ್ಟು ಉದ್ದ ಬರೆದೆ. ಇದನ್ನು ಪೇಜಿಗೆ ಹಾಕುವ ಮೊದಲೇ ವಿಜಯ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿ, "ಎಲ್ಲಿ ಬರ್ದಿದೀರ ಅತ್ಗೆ, ಕಾಣ್ತಾನೇ ಇಲ್ಲ" ಎನ್ನುತ್ತಿದ್ದಾಳೆ. ಹುಡುಕಲಿ.