ನೀರಿಗಿಳಿದ ಕ್ಯಾಮೆರಾ, ಕೈಹಿಡಿದ ಮಂದಿ

ನಮ್ಮ ಅಂಗಡಿಯಲ್ಲಿ ನಗು ತರುವ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಆಗದ ವಾರ ಏನೋ ತಪ್ಪಿದೆ ಅನ್ನಿಸಿ ನಾನೇ ಬಾಗಿಲಿಗೆ ಬಂದು ರಸ್ತೆ ನೋಡುತ್ತೇನೆ. ರಾಣೆಬೆನ್ನೂರಿಗೆ ಸಮುದ್ರವಿಲ್ಲ. ಆದರೂ ನಾನು ನೀರೊಳಗೆ ಫೋಟೋ ತೆಗೆಯುವ ಕ್ಯಾಮೆರಾ, ಅದಕ್ಕೆ ಹಾಕುವ ಕವಚ ಮಾರುತ್ತೇನೆ, ಕರೆದಲ್ಲಿಗೆ ಹೋಗಿ ಫೋಟೋನೂ ತೆಗೆಯುತ್ತೇನೆ. ಮೊದಲು ನನ್ನದು ಬರೀ ಸ್ಟುಡಿಯೋ. ಎಲ್ಲರ ಕೈಗೂ ಫೋನು ಬಂದ ಮೇಲೆ ಪಾಸ್‌ಪೋರ್ಟ್ ಸೈಜಿನ ಫೋಟೋ ಬಿಟ್ಟರೆ ಬೇರೆ ಯಾವುದಕ್ಕೂ ಜನ ಮೆಟ್ಟಿಲು ಹತ್ತುತ್ತಿರಲಿಲ್ಲ. ಶಟರ್ ಎಳೆಯುವುದೇ ಸರಿ ಅಂದುಕೊಳ್ಳುವ ಹೊತ್ತಿಗೆ, ಮದುವೆಗೆ ಮುಂಚಿನ ಫೋಟೋ ನೀರೊಳಗೇ ಆಗಬೇಕು ಅನ್ನುವ ಹುಡುಗ-ಹುಡುಗಿಯರು ಬರತೊಡಗಿದರು. ಅವರ ಹೊಟ್ಟೆ ತಣ್ಣಗಿರಲಿ. ಅವರಿಂದ ಅಂಗಡಿ ಉಳಿಯಿತು, ನಗು ಕೊಸರಾಗಿ ಸಿಕ್ಕಿತು.

ಅವ್ವ ಮತ್ತು ನೀರಿನ ಬಾನಿ

ಕವಚ ಅಂದರೆ ದಪ್ಪ ಪ್ಲಾಸ್ಟಿಕ್ಕಿನ, ಒಳಗಿನದೆಲ್ಲ ಕಾಣುವ ಡಬ್ಬಿ. ಕ್ಯಾಮೆರಾ ಒಳಗಿಟ್ಟು, ಮುಚ್ಚಿ, ಕೊಂಡಿ ಹಾಕಿದರೆ ನೀರು ಹೋಗಬಾರದು. ಹೋಗಬಾರದು ಅಂತ ಮಾರಿದವರು ಹೇಳುತ್ತಾರೆ. ಹೋಗುವುದಿಲ್ಲ ಅನ್ನುವುದನ್ನು ನಾವೇ ನೋಡಿಕೊಳ್ಳಬೇಕು.

ಮೊದಲ ಕವಚ ಬಂದ ದಿನ ಹಿತ್ತಲಿನ ಬಾನಿಗೆ ನೀರು ತುಂಬಿದೆ. ಮೊದಲು ಬರೀ ಡಬ್ಬಿಯೊಳಗೆ ಕಾಗದದ ತುಂಡು ಹಾಕಿ ಮುಳುಗಿಸಿದೆ. ಕಾಗದ ಒಣಗಿಯೇ ಇತ್ತು. ಆಮೇಲೆ ದೇವರ ಮೇಲೆ ಭಾರ ಹಾಕಿ ಹೊಸ ಕ್ಯಾಮೆರಾ ಇಟ್ಟು ಮುಳುಗಿಸಿದೆ. ಡಬ್ಬಿಯೊಳಗೆ ಗಾಳಿ ಇರುವುದರಿಂದ ಅದು ಮೇಲಕ್ಕೆ ಬರುತ್ತದೆ. ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು, "ಸುಮ್ನಿರು, ಇನ್ನೊಂಚೂರು ಇರು" ಅನ್ನುತ್ತಿದ್ದೆ. ಹಿಂದೆ ಅವ್ವ ನಿಂತಿದ್ದು ಗೊತ್ತಿರಲಿಲ್ಲ.

ಅವ್ವ ಸೀದಾ ಒಳಗೆ ಹೋದವಳು ಕೆಂಡ, ಉಪ್ಪು, ಮೆಣಸಿನಕಾಯಿ ತಂದು, ನನಗೂ ಬಾನಿಗೂ ಸೇರಿಸಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿ ಇಲ್ಲ, ಘಾಟು ಬರದಿದ್ದರೆ ದೃಷ್ಟಿ ಜೋರಾಗಿದೆ ಅನ್ನುವುದು ನಮ್ಮ ಮನೆಯ ಲೆಕ್ಕ. ಆದರೆ ಅವಳು ತಂದದ್ದು ಬ್ಯಾಡಗಿ ಮೆಣಸಿನಕಾಯಿ. ಬಣ್ಣವೇ ಬಹಳ, ಖಾರ ಅಷ್ಟಕ್ಕಷ್ಟೇ. ತೆರೆದ ಹಿತ್ತಲು ಬೇರೆ. ಒಬ್ಬರೂ ಕೆಮ್ಮಲಿಲ್ಲ.

ಅವ್ವನ ಮುಖ ಬಾಡಿತು. "ನೋಡಪಾ, ಘಾಟ ಬರಲಿಲ್ಲ. ಎಷ್ಟ್ ದೃಷ್ಟಿ ಆಗಿದ್ದೀತು ನಿನಗ."

ನಾನು ಡಬ್ಬಿ ಹೊರಗೆ ತೆಗೆದು, ಒರೆಸಿ, ಬಿಚ್ಚಿ ತೋರಿಸಿದೆ. ಹನಿ ನೀರು ಹೋಗಿರಲಿಲ್ಲ. ಅವ್ವ ಬಗ್ಗಿ ನೋಡಿ, "ಹೋಗೂದಿಲ್ಲ. ನಾ ದೃಷ್ಟಿ ತಗದೇನಲ್ಲ" ಅಂದಳು.

ಈಗಲೂ ಹೊಸ ಕವಚ ಬಂದರೆ ನಾನು ನೀರು ತುಂಬುತ್ತೇನೆ, ಅವ್ವ ಕೆಂಡ ಮಾಡುತ್ತಾಳೆ. ಇದುವರೆಗೆ ಒಂದೂ ಸೋರಿಲ್ಲ. ಯಾರಿಂದ ಅಂತ ನಾನು ವಾದಕ್ಕೆ ಹೋಗಿಲ್ಲ.

ಒಂದೇ ಒಂದು ಕೂದಲು

ಹಾವೇರಿಯ ಒಬ್ಬ ಫೋಟೋಗ್ರಾಫರ್ ಕವಚ ಕೊಳ್ಳಲು ಬಂದಿದ್ದ. ಮೆತ್ತನೆಯ ಚೀಲದಂಥದ್ದು ತಗೊಳ್ಳಲೋ, ಗಟ್ಟಿ ಡಬ್ಬಿ ತಗೊಳ್ಳಲೋ ಅಂತ ಅವನಿಗೆ ಗೊಂದಲ. ಪಕ್ಕದಲ್ಲಿ ಗಡಿಯಾರ ರಿಪೇರಿ ಮಾಡುವ ಸಾಹೇಬರು ನನ್ನ ಅಂಗಡಿಯಲ್ಲೇ ಚಹಾ ಕುಡಿಯುತ್ತಾ ಕೂತಿದ್ದರು. "ಮಳೀಗೆ ತಡಿಯೂದು ಬ್ಯಾರೆ, ಹೊಳೀಗೆ ಬಿದ್ರೂ ಉಳಿಯೂದು ಬ್ಯಾರೆ. ನೀವು ಎಲ್ಲಿಗೆ ಹೊಂಟೀರಿ, ಅದನ್ನ ಮೊದ್ಲ ಹೇಳ್ರಿ" ಅಂದರು. ಅವನು ಈಜುಕೊಳಕ್ಕೆ ಇಳಿಯುವವನು. ಗಟ್ಟಿ ಡಬ್ಬಿಯೇ ಕೊಟ್ಟೆ.

ಕೊಡುವಾಗ ಮುಖ್ಯವಾದ ಮಾತು ಹೇಳಿದೆ. ಮುಚ್ಚಳದ ಸುತ್ತ ಕುಕ್ಕರಿಗೆ ಇರುವಂಥ ಒಂದು ರಬ್ಬರ್ ಬಳೆ ಇರುತ್ತದೆ. ಅದರ ಮೇಲೆ ಮರಳಿನ ಕಾಳಿರಬಾರದು, ದಾರದ ಎಳೆ ಇರಬಾರದು. ಒಂದೇ ಒಂದು ಕೂದಲು ಬಿದ್ದರೂ ಅದರ ಪಕ್ಕದಿಂದ ನೀರು ದಾರಿ ಮಾಡಿಕೊಂಡು ಬರುತ್ತದೆ, ಕ್ಯಾಮೆರಾ ಹೋಯಿತು ಅಂತಲೇ ತಿಳಿಯಬೇಕು. ಅವನು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡ.

ಮುಂದಿನ ಸಲ ಬಂದಾಗ ಅವನ ತಲೆ ನುಣ್ಣಗೆ ಬೋಳಾಗಿತ್ತು. ಅವನ ತಂದೆಗೆ ಆರಾಮಿಲ್ಲ ಅಂತ ಕೇಳಿದ್ದೆ. ಕುರ್ಚಿ ಎಳೆದು ಕೂರಿಸಿದೆ. ಸಾಹೇಬರು ತಮ್ಮ ಕೆಲಸ ಬಿಟ್ಟು ಬಂದು, ಹೆಗಲ ಮೇಲೆ ಕೈಯಿಟ್ಟು, "ಧೈರ್ಯ ತಗೋರಿ, ಎಲ್ಲಾ ಅವನ ಇಚ್ಛಾ" ಅಂದರು. ಅವನು ಇಬ್ಬರ ಮುಖವನ್ನೂ ನೋಡಿದ. ನಾನು ಮೆಲ್ಲಗೆ, ಯಾವಾಗ ಆಯಿತು, ಒಂದು ಫೋನಾದರೂ ಮಾಡಬಾರದಿತ್ತೇ ಅಂತ ಕೇಳಿದೆ.

"ಏನ್ ಆತ್ರಿ?" ಅಂದ. "ಅಪ್ಪ ಆರಾಮ ಅದಾರ, ಹೊರಗ ಗಾಡಿ ಹಂತೇಕ ನಿಂತಾರ. ನೀವ ಹೇಳಿದ್ರಲ್ಲ, ಒಂದ್ ಕೂದ್ಲ ಬಿದ್ರೂ ಕ್ಯಾಮೆರಾ ಹೋಗತೈತಿ ಅಂತ. ಅದಕ್ಕ ತಗಿಸಿಬಿಟ್ನಿ."

ನಮಗೆ ನಗುವುದೋ ಸಮಾಧಾನದ ಉಸಿರು ಬಿಡುವುದೋ ತಿಳಿಯಲಿಲ್ಲ. ಸಾಹೇಬರು ನಿಧಾನಕ್ಕೆ ತಮ್ಮ ಟೋಪಿ ತೆಗೆದರು. ಒಳಗೆ ಒಂದೂ ಕೂದಲಿರಲಿಲ್ಲ. "ಹಂಗಾದ್ರ ನಾ ಸುಮ್ನ ಗಡಿಯಾರದಾಗ ಆಯುಷ್ಯ ಕಳದ್ನಿ" ಅಂದರು. "ಈ ಧಂದೆಕ್ಕ ದೇವ್ರು ನನ್ನ ತಯಾರ ಮಾಡಿ ಕಳಿಸಿದ್ದ."

ಬ್ಯಾಡಗಿಯ ಕೆಂಪು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗಳ ಮದುವೆ. ಹುಡುಗಿ ಬಾವಿಯಲ್ಲಿ ಈಜು ಕಲಿತ ಗಟ್ಟಿಗಿತ್ತಿ. ಹುಡುಗನಿಗೂ ಈಜು ಬರುತ್ತಿತ್ತು. ಅವರ ಹೊಲದ ಕೃಷಿ ಹೊಂಡದಲ್ಲೇ ಫೋಟೋ ಅಂತಾಯಿತು. ದಂಡೆಯಲ್ಲಿ ಹಗ್ಗ ಹಿಡಿದು ಹುಡುಗಿಯ ಸೋದರಮಾವಂದಿರು ನಿಂತರು. ಹುಡುಗಿ ಉಟ್ಟದ್ದು ಕೆಂಪಾದ ಕೆಂಪು ಸೀರೆ. ತಂದೆ ತಾವೇ ಮುಂದೆ ನಿಂತು ಬಣ್ಣ ನೋಡಿ ಆರಿಸಿದ್ದು.

ದೀಪವಿಲ್ಲದೆ ತೆಗೆದ ಮೊದಲ ಫೋಟೋಗಳನ್ನು ತೋರಿಸಿದೆ. ತಂದೆಯವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹಸಿರು ನೀರಿನಲ್ಲಿ ಸೀರೆ ಕರ್ರಗೆ ಕಾಣುತ್ತಿತ್ತು.

"ಬಣ್ಣಕ್ಕ ಹೆಸರಾದ ಊರು ನಮ್ದು" ಅಂದರು. "ಶುಭಕಾರ್ಯದಾಗ ನನ್ನ ಮಗಳಿಗೆ ಕರೀ ಸೀರಿ ಉಡಿಸೀರಲ್ರಿ."

ನೀರು ಮೊದಲು ನುಂಗುವ ಬಣ್ಣವೇ ಕೆಂಪು, ಇಂಥ ಹಸಿರು ನೀರಂತೂ ಬೇಗ ನುಂಗುತ್ತದೆ, ಹತ್ತಿರದಿಂದ ದೀಪ ಹಾಕಿದರೆ ಮತ್ತೆ ಬರುತ್ತದೆ ಅಂತ ವಿವರಿಸಿದೆ. ಅವರು ನಂಬಲಿಲ್ಲ. ಹಾಗಾದರೆ ನಮ್ಮ ಮೆಣಸಿನಕಾಯಿಯೂ ಕರ್ರಗೆ ಕಾಣುತ್ತದೋ ಅಂತ ಕೇಳಿದರು. ಕಾಣುತ್ತದೆ ಅಂದೆ. ಅದು ಅವರಿಗೆ ಸೀರೆಗಿಂತ ಹೆಚ್ಚು ತಾಗಿತು. ಕಾರಿನಿಂದ ಒಂದು ಹಿಡಿ ಒಳ್ಳೆಯ ಕಾಯಿ ತರಿಸಿ, ಕಲ್ಲು ಕಟ್ಟಿ ನೀರಿಗೆ ಬಿಡಿಸಿದರು. ವಧುವರರು ಒದ್ದೆ ಮೈಯಲ್ಲಿ ದಂಡೆಯ ಮೇಲೆ ಕೂತರು. ನಾನು ಮುಳುಗಿ ಮೆಣಸಿನಕಾಯಿಯ ಫೋಟೋ ತೆಗೆದೆ. ದೀಪವಿಲ್ಲದೆ ತೆಗೆದದ್ದರಲ್ಲಿ ಕಾಯಿ ಇದ್ದಿಲಿನಂತಿತ್ತು. ದೀಪ ಹಾಕಿ ತೆಗೆದದ್ದರಲ್ಲಿ ಹೊಂಡದ ತಳದಲ್ಲಿ ಕೆಂಡ ಇಟ್ಟಂತೆ ಹೊಳೆಯುತ್ತಿತ್ತು.

ಅವರು ಬಹಳ ಹೊತ್ತು ಆ ಫೋಟೋ ನೋಡಿದರು. ಕಣ್ಣಲ್ಲಿ ನೀರೇ ಬಂತು. "ಇನ್ನ ನನ್ನ ಮಗಳನ್ನೂ ಹಿಂಗ ತಗೀರಿ" ಅಂದರು.

ತೆಗೆದೆ. ಮದುವೆ ಚೆನ್ನಾಗಿ ಆಯಿತು. ಆಲ್ಬಮ್ಮನ್ನು ಅವರು ಹೇಳಿದಂತೆಯೇ ಮಾಡಿಕೊಟ್ಟೆ. ಮೊದಲ ಪುಟದಲ್ಲಿ ಗಣಪತಿ, ಎರಡನೆಯ ಪುಟದಲ್ಲಿ ಮೆಣಸಿನಕಾಯಿ, ಮೂರನೆಯ ಪುಟದಿಂದ ವಧುವರರು.

ಐರಣಿಯ ಮೀನು

ಐರಣಿಯ ನಿವೃತ್ತ ಮಾಸ್ತರರೊಬ್ಬರು ತುಂಗಭದ್ರೆಯ ಮೀನಿನ ಫೋಟೋ ತೆಗೆಯಬೇಕು ಅಂತ ಕವಚವಿಲ್ಲದೆಯೇ ನೀರಿಗಿಳಿಯುವ ಸಣ್ಣ ಕ್ಯಾಮೆರಾ ಒಯ್ದರು. ಮಳೆಗಾಲ. ಬಂದ ಫೋಟೋಗಳೆಲ್ಲ ಚಹಾದ ಬಣ್ಣ. ಹೊಳೆ ತಿಳಿಯಾಗುವವರೆಗೆ ತಡೆಯಿರಿ ಸರ್ ಅಂದೆ. ತಡೆದರು. ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಓಡೋಡಿ ಬಂದು ಫೋಟೋ ತೋರಿಸಿದರು. ಮೂಲೆಯಲ್ಲಿ ಒಂದು ಬಾಲ.

"ಸರ್, ಬಾಲ ಅಷ್ಟ ಐತಲ್ರಿ" ಅಂದೆ.

"ಮಾಸ್ತರಕಿ ಮಾಡಿದವ್ಗ ಅಷ್ಟ ಸಾಕಪಾ" ಅಂದರು. "ನಾ ವರ್ಗಕ್ಕ ಹೊಕ್ಕ ಕೂಡ್ಲೆ ಓಡಿಹೋಗೂ ಹುಡುಗ್ರನ್ನ ಹಿಂದಿನಿಂದನ ಗುರ್ತ ಹಿಡೀತಿದ್ದೆ."

ಕರ್ಜಗಿಯ ಬಾವಿ

ಕರ್ಜಗಿಯಿಂದ ಒಂದು ಫೋನು ಬಂತು. ಮಾತಾಡಿದವರು ಮನೆಯ ಹಿರಿಯ ಮಗ. ಮರುದಿನ ಅವರ ಮಗಳ ನಿಶ್ಚಿತಾರ್ಥ, ಬೀಗರು ಬರುತ್ತಾರೆ, ಅಷ್ಟರಲ್ಲಿ ಅಜ್ಜ ಬಾವಿಕಟ್ಟೆಯ ಮೇಲೆ ಹಲ್ಲಿನ ಸೆಟ್ಟು ತೊಳೆಯುವಾಗ ಮೇಲಿನದು ಕೈಜಾರಿ ಬಾವಿಗೆ ಬಿದ್ದಿತ್ತು. ಬೊಚ್ಚು ಬಾಯಿಯಲ್ಲಿ ಬೀಗರ ಮುಂದೆ ಕೂರುವುದಿಲ್ಲ ಅಂತ ಅಜ್ಜ ಹಟ ಹಿಡಿದಿದ್ದರು. ಅಜ್ಜನಿಲ್ಲದೆ ನಿಶ್ಚಯ ಬೇಡ ಅಂತ ಮೊಮ್ಮಗಳು ಅಳುತ್ತಿದ್ದಳು.

ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಅಣ್ಣ-ತಮ್ಮ ಇಬ್ಬರದೂ ಒಂದೇ ಮನೆ, ನಡುವೆ ಗೋಡೆ. ಬಾವಿ ಮಾತ್ರ ಇಬ್ಬರಿಗೂ ಸೇರಿದ್ದು. ಇಬ್ಬರು ಸೊಸೆಯಂದಿರಿಗೂ ಮಾತಿಲ್ಲ. ಕಿರಿಯ ಸೊಸೆ ತವರಿಂದ ತಂದ ತಾಮ್ರದ ಕೊಡ ಬಹಳ ಹಿಂದೆ ಕಾಣೆಯಾಗಿತ್ತು. ಹಿರಿಯವಳೇ ತೆಗೆದಿದ್ದಾಳೆ ಅಂತ ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಓಣಿಗೆಲ್ಲ ಗೊತ್ತಿತ್ತು. ಒಬ್ಬಳು ನೀರು ಸೇದಿ ಹೋದ ಮೇಲೆ ಇನ್ನೊಬ್ಬಳು ಬರುತ್ತಿದ್ದಳು. ಅಜ್ಜ ಮಾತ್ರ ಮುಂಜಾನೆ ಈ ಕಡೆ, ಸಂಜೆ ಆ ಕಡೆ ಉಣ್ಣುತ್ತಿದ್ದರು.

ಸಣ್ಣ ಕ್ಯಾಮೆರಾವನ್ನು ಗಟ್ಟಿ ಕವಚದಲ್ಲಿಟ್ಟು, ರಬ್ಬರ್ ಒರೆಸಿ ಮುಚ್ಚಿ, ಪಕ್ಕಕ್ಕೆ ನೀರಿಗಿಳಿಯುವ ಬ್ಯಾಟರಿ ದೀಪ ಕಟ್ಟಿ, ಭಾರಕ್ಕೆ ಕಲ್ಲು ಕಟ್ಟಿ ಹಗ್ಗದಲ್ಲಿ ಬಿಟ್ಟೆ. ನೀರಿನ ಅಡಿಯಿಂದ ಫೋನಿಗೆ ಚಿತ್ರ ಬರುವುದಿಲ್ಲ. ವಿಡಿಯೋ ಚಾಲೂ ಮಾಡಿ ಇಳಿಸಿ, ಮೆಲ್ಲಗೆ ತಿರುಗಿಸಿ, ಮೇಲೆಳೆದು ನೋಡಬೇಕು. ಮೊದಲ ಸಲ ಬರೀ ರಾಡಿ ಮತ್ತು ಒಂದು ಕಪ್ಪೆ. ನೀರು ತಿಳಿಯಾಗಲಿ ಅಂತ ಚಹಾ ಕುಡಿದು ಮತ್ತೆ ಬಿಟ್ಟೆ.

ಈ ಸಲ ಎಲ್ಲರೂ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ತಳದಲ್ಲಿ ಕಿಲುಬು ಹಿಡಿದ ಒಂದು ಕೊಡ ಓರೆಯಾಗಿ ಬಿದ್ದಿತ್ತು. ಅದರ ಬಾಯಿಯಲ್ಲಿ ಅಜ್ಜನ ಹಲ್ಲು ಸರಿಯಾಗಿ ಕೂತಿತ್ತು. ಕೊಡವೇ ಹಲ್ಲು ಕಿರಿದು ನಮ್ಮನ್ನು ನೋಡಿ ನಗುತ್ತಿದ್ದಂತೆ. ಮೊಮ್ಮಗಳು ಅಳು ನಿಲ್ಲಿಸಿ ನಕ್ಕಳು, ಎಲ್ಲರೂ ನಕ್ಕರು.

ಕಿರಿಯ ಸೊಸೆ ಒಬ್ಬಳು ನಗಲಿಲ್ಲ. "ಸ್ವಲ್ಪ ದೊಡ್ಡದ ಮಾಡ್ರಿ" ಅಂದಳು. ಮಾಡಿದೆ. ಕೊಡದ ಕುತ್ತಿಗೆಯ ಮೇಲೆ ಹೆಸರು ಕೊರೆದಿತ್ತು. ಅವಳ ತಾಯಿಯ ಹೆಸರು.

ನೀರು ಸೇದುವಾಗ ಹಗ್ಗ ಬಿಚ್ಚಿ ಮುಳುಗಿದ ಕೊಡ ಅಷ್ಟು ವರ್ಷ ಅಲ್ಲೇ ಇತ್ತು, ಇಬ್ಬರೂ ದಿನಾ ಅದರ ಮೇಲಿನ ನೀರನ್ನೇ ಸೇದುತ್ತಿದ್ದರು. ಕಿರಿಯವಳು ಸೆರಗನ್ನು ಬಾಯಿಗಿಟ್ಟುಕೊಂಡಳು. "ಅಕ್ಕಾ, ನನ್ನ ಬಾಯಾಗ ಹುಳ ಬೀಳ್ಲಿ. ಏನೇನೋ ಅಂದ್ಕೊಂಡಿದ್ನಿ."

ಹಿರಿಯವಳು "ಬಿಡವಾ" ಅಂದಳು. "ನೀನ ಬಚ್ಚಿಟ್ಟು ನನ್ನ ಮ್ಯಾಲ ಹಾಕೀದಿ ಅಂತ ನಾನೂ ಅಂದ್ಕೊಂಡಿದ್ನಿ."

ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಪಾತಾಳಗರಡಿ ತಂದರು. ಎಲ್ಲಿ ಬಿಡಬೇಕು ಅನ್ನುವುದು ಈಗ ಗೊತ್ತಿತ್ತು. ಹಗ್ಗ ಎಳೆದವರು ಆ ಇಬ್ಬರೇ. ಗಂಡಸರು ಕೈಹಾಕಲು ಹೋದರೆ ಬಿಡಲಿಲ್ಲ. ಕೊಡ ನೆಟ್ಟಗಾಗುವಾಗ ಹಲ್ಲು ಒಳಕ್ಕೆ ಜಾರಿ, ಜೋಪಾನವಾಗಿ ಮೇಲೆ ಬಂತು. ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಕೊಟ್ಟರು.

ಆ ಮಧ್ಯಾಹ್ನ ಎರಡೂ ಅಡಿಗೆಮನೆಯ ರೊಟ್ಟಿ-ಪಲ್ಲೆ ಒಂದೇ ಪಡಸಾಲೆಗೆ ಬಂತು. ನನ್ನನ್ನು ಅಜ್ಜನ ಪಕ್ಕದಲ್ಲೇ ಕೂರಿಸಿದರು. ಇಬ್ಬರು ಸೊಸೆಯಂದಿರೂ ಒಬ್ಬಳ ಹಿಂದೆ ಒಬ್ಬಳು ಬಡಿಸುತ್ತಿದ್ದರು. ಇಂಥ ಊಟ ನನಗೆ ಯಾವ ಮದುವೆಯಲ್ಲೂ ಸಿಕ್ಕಿಲ್ಲ. ನನ್ನ ಕೆಲಸಕ್ಕೆ, ಆ ಡಬ್ಬಿಗೆ, ಅದನ್ನು ಕೊಳ್ಳುವ ಬುದ್ಧಿ ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಜ್ಜ ಹಲ್ಲು ಹಾಕಿಕೊಂಡು, ಎರಡು ಸಲ ಕಟಕಟ ಕಡಿದು ನೋಡಿ, ರೊಟ್ಟಿ ಮುರಿದರು. ಆಮೇಲೆ ಸೊಸೆಯಂದಿರ ಕಡೆ ತಿರುಗಿ ಬಹಳ ಗಂಭೀರವಾಗಿ ಹೇಳಿದರು:

"ಇನ್ನ ಯಾವ್ದಾರ ಜಗಳ ಉಳದಿದ್ರ ಈಗ ಹೇಳಿಬಿಡ್ರವಾ. ಕೆಳಗಿನ ಸೆಟ್ಟೂ ಒಗದಬಿಡ್ತೇನಿ."